ಬೈಗುಳಕ್ಕೆ ಪಕ್ಕದೂರಿನ ವಿಳಾಸ

ಬೈದು ಮುಗಿಸಿದ ಮೇಲೆ ಬಾಯಿ ತೊಳೆದುಕೊಳ್ಳಲು ಪ್ರತಿ ಭಾಷೆಯೂ ಒಂದು ತಂಬಿಗೆ ನೀರು ಇಟ್ಟುಕೊಂಡಿರುತ್ತದೆ. ಇಂಗ್ಲಿಷರ ತಂಬಿಗೆ ಬಲು ಜಾಣತನದ್ದು. ಕೆಟ್ಟ ಮಾತು ಜಾರಿದ ಕೂಡಲೇ ಅವರು ‘ಪಾರ್ಡನ್ ಮೈ ಫ್ರೆಂಚ್’ ಎನ್ನುತ್ತಾರೆ. ನನ್ನ ಫ್ರೆಂಚನ್ನು ಕ್ಷಮಿಸಿ ಎಂದರ್ಥ. ಬೈದದ್ದು ಅಪ್ಪಟ ಇಂಗ್ಲಿಷಿನಲ್ಲಿ. ಹೆಸರು ಕೆಡುವುದು ಮಾತ್ರ ಪಕ್ಕದ ದೇಶದ್ದು. ಚಿತ್ತಾಪುರದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನ್ನ ಮಗಳು ಇದನ್ನು ವಿವರಿಸಿದಾಗ ನನಗೇನೂ ಹೊಸದೆನಿಸಲಿಲ್ಲ. ವರದಿಗಾರನಾಗಿ ಈ ಭಾಗದ ಊರೂರು ತಿರುಗಿದವನು ನಾನು. ವಾಡಿಯ ರೈಲು ನಿಲ್ದಾಣದಲ್ಲಿ ಬೈದವನು ‘ಹಿಂದಿಯವರ ಸಹವಾಸರಿ’ ಎನ್ನುತ್ತಾನೆ. ನಮ್ಮ ಶಹಾಬಾದಿನಲ್ಲಿ ಹೊಣೆ ಉರ್ದುವಿಗೆ. ಸೇಡಂ, ಚಿಂಚೋಳಿಗಳಲ್ಲಿ ಗಡಿ ಹತ್ತಿರ, ಹಾಗಾಗಿ ತೆಲುಗಿಗೆ. ಕನ್ನಡದಲ್ಲೇ ಬೈದೆನೆಂದು ಒಪ್ಪಿಕೊಂಡ ಕನ್ನಡಿಗನನ್ನು ಇದುವರೆಗೆ ಕಂಡಿಲ್ಲ. ಪತ್ರಿಕೆಯವರಾದ ನಾವಂತೂ ‘ಅವಾಚ್ಯ ಶಬ್ದಗಳಿಂದ ನಿಂದಿಸಿದ’ ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ.

ಅದೇ ಮಗಳನ್ನು ನೋಡಲು ಕಳೆದ ತಿಂಗಳು ಸೇಡಂನಿಂದ ಗಂಡಿನವರು ಬಂದರು. ಹುಡುಗ, ಹುಡುಗಿ ಮೊದಲೇ ಮಾತಾಡಿ ಒಪ್ಪಿಕೊಂಡಿದ್ದರು. ಉಳಿದದ್ದು ಹುಡುಗನ ತಾಯಿಯ ಒಪ್ಪಿಗೆ. ‘ಆಕಿ ಭಾಳ ಬಿಗಿ ಅಂತ. ಬಾಯಿ ಹಿಡಕೊಂಡು ಕುಂದ್ರಿ’ ಎಂದು ಹೆಂಡತಿ ಬೆಳಿಗ್ಗೆಯಿಂದ ಎಚ್ಚರಿಸುತ್ತಿದ್ದಳು. ಹಿಡಿದುಕೊಂಡೇ ಕುಳಿತಿದ್ದೆ. ಉಪ್ಪಿಟ್ಟು ಮುಗಿಯಿತು, ಚಹಾ ಬಂತು. ನೀರು ತರೋಣವೆಂದು ಎದ್ದೆ. ಅಡುಗೆಮನೆಯ ಹೊಸ್ತಿಲ ಬಳಿ ನೆಲಕ್ಕೆ ಹಾಸಿದ ಫರ್ಸಿಕಲ್ಲೊಂದು ತಲೆ ಎತ್ತಿಕೊಂಡಿದೆ. ಊರಿನ ತುಂಬ ಅದೇ ಕಲ್ಲು, ಅದನ್ನು ಕೂರಿಸುವವರಿಗೂ ಬರವಿಲ್ಲ. ಹೆಂಡತಿ ಹೇಳುತ್ತಲೇ ಇದ್ದಳು, ನಾನು ಮುಂದೂಡುತ್ತಲೇ ಇದ್ದೆ. ಕಾಲಿನ ಕಿರುಬೆರಳು ಅದಕ್ಕೇ ಬಡಿಯಿತು. ಬಾಯಿಂದ ಒಂದು ಶಬ್ದ ಹೊರಬಿತ್ತು. ಅವಾಚ್ಯ.

ಕಪ್ಪು ಹಿಡಿದ ಕೈಗಳು ಹಾಗೇ ನಿಂತವು. ಮಗಳು ನೆಲ ನೋಡಿದಳು. ನಾನು ಕಾಲು ಹಿಡಿದುಕೊಂಡೇ, ‘ಮಾಫ್ ಮಾಡ್ರಿ ಅಕ್ಕಾರ, ಅದು ತೆಲುಗು. ನಿಮ್ಮ ಕಡೆ ಓಡಾಡಿ ಓಡಾಡಿ ಬಾಯಿಗೆ ಹತ್ತ್ಯದ’ ಎಂದೆ.

ಹುಡುಗನ ತಂದೆ ಕೆಮ್ಮಿದರು. ‘ಇವರ ತವರುಮನಿ ತಾಂಡೂರರಿ. ಅಲ್ಲಿ ಎಲ್ಲಾರೂ ತೆಲುಗೇ ಮಾತಾಡ್ತಾರ.’

ಹುಡುಗನ ನೌಕರಿ, ಸ್ನೇಹಿತರು, ಚಟ, ಎಲ್ಲವನ್ನೂ ಎರಡೆರಡು ಮೂಲಗಳಿಂದ ಖಚಿತಪಡಿಸಿಕೊಂಡಿದ್ದೆ. ತಾಯಿಯ ತವರು ಯಾವುದೆಂದು ಕೇಳಿರಲಿಲ್ಲ.

ಆಕೆ ಕಪ್ಪನ್ನು ಕೆಳಗಿಟ್ಟರು. ‘ಆ ಮಾತು ನಮ್ಮ ತವರಿನ್ಯಾಗೂ ಅದರಿ ಅಣ್ಣಾರ. ನಮ್ಮಪ್ಪ ದಿನಾ ಅಂತಿದ್ದ. ಅಂದಾದ ಮ್ಯಾಲ ನಮ್ಮವ್ವನ ಮುಂದ, ಇದು ಕನ್ನಡದವರಿಂದ ಕಲ್ತದ್ದು ಅಂತಿದ್ದ.’ ಯಾರೂ ನಗಲಿಲ್ಲ. ನಗಬಹುದೋ ಇಲ್ಲವೋ ತಿಳಿಯಲಿಲ್ಲ. ಆಕೆ ಮುಂದುವರಿಸಿದರು. ‘ಭಾಷಾ ಯಾವುದಾದ್ರೂ ಇರಲಿ. ಕಲ್ಲಿಗಷ್ಟೇ ಅಂತೀರೋ, ಮನಿ ಮಂದಿಗೂ ಅಂತೀರೋ, ಅದು ಹೇಳ್ರಿ.’

ಉತ್ತರ ಅಡುಗೆಮನೆಯಿಂದ ಬಂತು. ‘ಕಲ್ಲಿಗಷ್ಟೇರಿ ಅಕ್ಕಾರ. ನನಗ ಅಂದಿದ್ರ ಆ ಕಲ್ಲು ಎತ್ತಿ ಕಾಲ ಮ್ಯಾಲ ಹಾಕತಿದ್ದೆ.’

ಆಗ ಆಕೆ ನಕ್ಕರು. ‘ಇಂಥ ತಾಯಿಯ ಮಗಳು ನಮ್ಮ ಮನಿಗೆ ನಡೀತಾಳ’ ಎಂದರು. ಮಾತು ಅಲ್ಲಿಗೆ ಪಕ್ಕಾ ಆಯಿತು.

ನಿಶ್ಚಯಕ್ಕೆ ಮುಂಚೆ ಕಲ್ಲು ಕೂರಿಸಲೇಬೇಕೆಂದು ಪಕ್ಕದ ಭಂಕೂರಿನಿಂದ ಮೇಸ್ತ್ರಿಯನ್ನು ಕರೆಸಿದೆ. ಕೆಲಸದ ನಡುವೆ ಸುತ್ತಿಗೆ ಅವನ ಹೆಬ್ಬೆರಳಿಗೆ ಬಿತ್ತು. ಅವನು ಅದೇ ಶಬ್ದ ಅಂದ. ನನ್ನ ಹೆಂಡತಿಯನ್ನು ನೋಡಿ ನಾಲಿಗೆ ಕಚ್ಚಿಕೊಂಡು ನನ್ನ ಕಡೆ ತಿರುಗಿದ. ‘ತಪ್ಪಾತರಿ ಸರ. ನಮ್ಮೂರಾಗ ಈ ಮಾತಿಲ್ಲ. ನಿಮ್ಮ ಶಾಬಾದ್ ಮಂದಿ ಕೂಡ ಇದ್ದು ಇದ್ದು ಕಲ್ತೀನಿ.’

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಇಡೀ ಊರಿನ ಪರವಾಗಿ ನಾನು ಕ್ಷಮೆ ಕೇಳಿದೆ, ಅಚ್ಚ ಕನ್ನಡದಲ್ಲಿ.