ನಾಲ್ಕೇ ನಿಮಿಷ

ನಂದೀಶನ ಮನೆಯಲ್ಲಿ ಜಗಳ ತಂದಿಟ್ಟದ್ದು ಕಂಪೈಲರ್. ವೆಲ್ಲಿಂಗ್ಟನ್ನಿನ ಅವನ ಆಫೀಸಿನಲ್ಲಿ ಎಲ್ಲರೂ ಬರೆದ ಸಿ ಪ್ಲಸ್ ಪ್ಲಸ್ ಕೋಡನ್ನು ಒಟ್ಟುಗೂಡಿಸಿ ಕಂಪೈಲ್ ಮಾಡಿಸುವುದು, ಅಂದರೆ ಕಂಪ್ಯೂಟರು ನಡೆಸಬಲ್ಲ ಪ್ರೋಗ್ರಾಮ್ ಆಗಿಸುವುದು, ಅವನ ಕೆಲಸ. ಒಂದು ಸಲ ಶುರು ಮಾಡಿದರೆ ನಲವತ್ತೈದು ನಿಮಿಷ. ಅದಕ್ಕೇ ಗೋಡೆಗೊಂದು ಚೀಟಿ ಅಂಟಿಸಿದ್ದರು: 'ನಾಲ್ಕೂಕಾಲಿನ ನಂತರ ಕಂಪೈಲ್ ಇಲ್ಲ.' ನಾಲ್ಕೂಕಾಲಿಗೆ ಹಾಕಿದ್ದು ಮುಗಿಯುವಾಗ ಐದು. ಓಡಿ ಸ್ಟೇಷನ್ ಸೇರುವಷ್ಟರಲ್ಲಿ, ಮನೆಯಿರುವ ಲೋವರ್ ಹಟ್‌ಗೆ ಹೋಗುವ ಐದೂ ಐದರ ಟ್ರೈನು ಬಾಲ ತೋರಿಸುತ್ತಿತ್ತು. ಮುಂದಿನದರಲ್ಲಿ ಹೋದರೆ ಹೊತ್ತು ಮೀರುತ್ತಿತ್ತು. ಮಗಳು ಹಂಸಾಳ ಶಾಲೆಯ ಎರಡು ಕಾರ್ಯಕ್ರಮಗಳು ಹೀಗೇ ತಪ್ಪಿದ್ದವು. ಮೂರನೆಯದು ಇವತ್ತು, ಐದೂಮುಕ್ಕಾಲಿಗೆ.

"ಇವತ್ತೂ ಬರಲಿಲ್ಲಂದ್ರ ಆಕಿ ನಿಮ್ಮ ಕೂಡ ಮಾತು ಬಿಡ್ತಾಳ ನೋಡ್ರಿ," ಎಂದು ಹೆಂಡತಿ ರುದ್ರಾಣಿ ಬೆಳಿಗ್ಗೆ ಡಬ್ಬಿ ಕೊಡುತ್ತಾ ಹೇಳಿದ್ದಳು.

ನಂದೀಶ ನಕ್ಕಿದ್ದ. ಮೂರು ವಾರದಿಂದ ಅವನು ರೋಗದ ಬುಡಕ್ಕೇ ಕೈ ಹಾಕಿದ್ದ. ಒಂದು ಫೈಲನ್ನು ಕರೆದರೆ ಅದು ಬೇಡದ ಇನ್ನೂರನ್ನು ಎಳೆದು ತರುತ್ತಿತ್ತು, ಒಬ್ಬರನ್ನು ಊಟಕ್ಕೆ ಕರೆದರೆ ಇಡೀ ಓಣಿಯೇ ಬಂದು ಕೂತ ಹಾಗೆ. ಬೇಡದವರನ್ನೆಲ್ಲ ಹೊರಗೆ ಕಳಿಸಿ, ಇವತ್ತು ಹನ್ನೊಂದು ಗಂಟೆಗೆ ಕಂಪೈಲ್ ಒತ್ತಿದ. ನಾಲ್ಕು ನಿಮಿಷಕ್ಕೆ ಮುಗಿಯಿತು. ಖುಷಿ ತಡೆಯಲಾರದೆ ಗೋಡೆಯ ಚೀಟಿಯನ್ನು ತಾನೇ ಕಿತ್ತು, ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾಲ್ಕೂ ನಲವತ್ತಕ್ಕೆ ಬ್ಯಾಗು ಹೆಗಲಿಗೇರಿಸಿ ಎದ್ದ.

"ನಂದೀಶ್, ಒಂದು ಸಣ್ಣ ತಪ್ಪು ತಿದ್ದಿದೀನಿ," ಎಂದರು ಪಕ್ಕದ ಮೇಜಿನ ಮೈಸೂರಿನ ವಾಸುದೇವ್. "ಹಾಕಿಬಿಡಿ. ನಾಲ್ಕೇ ನಿಮಿಷ ಅಲ್ವಾ."

ಹಾಕಿದ. ಮುಗಿಯುವ ಹೊತ್ತಿಗೆ ಎದುರು ಮೇಜಿನ ಶ್ರೀಲಕ್ಷ್ಮಿ ಬಂದು ನಿಂತಿದ್ದಳು.

"ಅವರದು ಹಾಕಿದ್ರಿ, ನಂದೂ ಹಾಕಿ. ಬಟನ್ ಬಣ್ಣ ಬದಲಾಯಿಸಿದೀನಿ ಅಷ್ಟೆ."

ಅದನ್ನೂ ಹಾಕಿದ. ಆ ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎಂದರು ವಾಸುದೇವ್. ಹಳೆಯ ಬಣ್ಣಕ್ಕೆ ಇನ್ನೊಂದು ನಾಲ್ಕು ನಿಮಿಷ. ನಲವತ್ತೈದು ನಿಮಿಷದ ಕಾಲದಲ್ಲಿ ಎಲ್ಲರೂ ತಮ್ಮ ಕೋಡನ್ನು ಮೂರು ಸಲ ಓದಿ ಕೊಡುತ್ತಿದ್ದರು. ಈಗ ಓದುವ ಗೊಡವೆ ಯಾರಿಗೂ ಇರಲಿಲ್ಲ. ಶ್ರೀಲಕ್ಷ್ಮಿ ಒಂದು ಸೆಮಿಕೋಲನ್ ಮರೆತಿದ್ದಳು, ಕಂಪೈಲ್ ನಿಂತುಹೋಯಿತು. ಮತ್ತೆ ನಾಲ್ಕು.

ಐದೂ ಹತ್ತಕ್ಕೆ, ಬ್ಯಾಗು ಇನ್ನೂ ಹೆಗಲ ಮೇಲೇ ಇರುವಾಗ, ಫೋನು ಬಂತು.

"ಟ್ರೈನ್ ಹತ್ತೀರೇನ್ರಿ?" ಎಂದಳು ರುದ್ರಾಣಿ.

"ಇನ್ನ ನಾಕ ನಿಮಿಷ..."

ಅವಳು ಫೋನನ್ನು ಮಗಳ ಕೈಗೆ ಕೊಟ್ಟಳು. "ಇಟ್ಸ್ ಓಕೆ, ಡ್ಯಾಡ್," ಎಂದಳು ಹಂಸಾ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿ ಅನ್ನಿಸುತ್ತಿತ್ತು.

ನಂದೀಶ ಕಸದ ಬುಟ್ಟಿ ತಡಕಿ, ಟೀ ಕಲೆಯಾಗಿದ್ದ ಹಳೆಯ ಚೀಟಿಯನ್ನು ಹೊರಗೆ ತೆಗೆದ. ಅಂಗೈಯಿಂದ ನೀವಿ ನೇರ ಮಾಡಿ, ಮತ್ತೆ ಅಂಟಿಸಲು ಗೋಡೆಯ ಬಳಿ ಹೋದ.

ಅಲ್ಲಿ ಜಾಗವಿರಲಿಲ್ಲ. ಮ್ಯಾನೇಜರು ಆಗಲೇ ಅಂದವಾದ ಹೊಸ ಚೀಟಿ ಅಂಟಿಸಿದ್ದರು: 'ಕಂಪೈಲ್ ಇನ್ನು ಮುಂದೆ ಯಾವಾಗ ಬೇಕಾದರೂ.' ಕೆಳಗೆ ನಂದೀಶನ ಮನೆಯ ಫೋನ್ ನಂಬರಿತ್ತು.