ಇಲಾಖೆಯ ಬಗ್ಗಿದ ಹ್ಯಾಂಡಲಿನ ಸೈಕಲ್ಲಿಗೆ ಹೆಡ್‌ಸೆಟ್ ಗಾತ್ರ ನಿಗದಿಪಡಿಸುವ ಕುರಿತು

ಸಂಖ್ಯೆ: ಸೈಕಲ್/ಹೆಡ್/ಗಾತ್ರ/೨೬-೮೩-೫೫/೧೯೯೮-೯೯
ತೋಟಗಾರಿಕಾ ಇಲಾಖೆ, ಉಪವಿಭಾಗೀಯ ಕಚೇರಿ, ಶಿರಸಿ
ಶಿಬಿರ: ಸಿದ್ದಾಪುರ
ದಿನಾಂಕ: ೧೪-೧೨-೧೯೯೮

ಸುತ್ತೋಲೆ

ವಿಷಯ: ಇಲಾಖೆಯ ಒಂದೇ ಒಂದು ಸೈಕಲ್ಲಿಗೆ ಸರಿಯಾದ ಹೆಡ್‌ಸೆಟ್ ಗಾತ್ರವನ್ನು ಗುರುತಿಸುವ ಬಗ್ಗೆ, ಹಾಗೂ ಗುರುತಿಸುವವರೆಗೆ ಬೀಳುವ ಬಗ್ಗೆ.

ಉಲ್ಲೇಖ:
೧) ಸಿದ್ದಾಪುರ ಘಟಕದ ಜವಾನರಾದ ಬೈರ ಅವರ ಅರ್ಜಿ, ದಿ: ೧೧-೦೬-೧೯೯೮.
೨) ಸದರಿಯವರ ಅದೇ ಅರ್ಜಿ, ದಿ: ೨೨-೦೭-೧೯೯೮.
೩) ಸದರಿಯವರು ಅರ್ಜಿ ಬರೆಯುವುದನ್ನು ಬಿಟ್ಟು ಖುದ್ದಾಗಿ ಬಂದು ಬಾಗಿಲಲ್ಲಿ ನಿಂತದ್ದು, ದಿ: ೦೩-೦೯-೧೯೯೮.
೪) ಹಾಗೆ ನಿಂತದ್ದಕ್ಕೆ ಈ ಕಚೇರಿ ನೀಡಿದ ಕಾರಣ ಕೇಳುವ ನೋಟೀಸು, ಅದೇ ದಿನಾಂಕ.

ಪೀಠಿಕೆ:

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ಘಟಕಗಳಿಗೆ ಸೇರಿ ಇಲಾಖೆಯಲ್ಲಿ ಒಂದು ಸೈಕಲ್ಲು ಇರುತ್ತದೆ. ೧೯೭೨ರಲ್ಲಿ ಕಪ್ಪೆಗಳ ಅಧ್ಯಯನಕ್ಕೆಂದು ಬಂದಿದ್ದ ವಿದೇಶಿ ಸಂಶೋಧಕರೊಬ್ಬರು ಇದನ್ನು ಬಿಟ್ಟು ಹೋಗಿರುತ್ತಾರೆ. ರಸ್ತೆ ಓಟದ ಸ್ಪರ್ಧೆಗೆಂದೇ ಮಾಡಿದ ಈ ಸೈಕಲ್ಲಿನ ಹ್ಯಾಂಡಲು ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿಕೊಂಡಿದ್ದು, ದಾಸ್ತಾನು ವಹಿಯಲ್ಲಿ ಇದನ್ನು "ಸೈಕಲ್ಲು, ಒಂದು, ಹ್ಯಾಂಡಲು ಎರಡೂ ಕಡೆ ಬಗ್ಗಿ ಹೋಗಿದೆ" ಎಂದು ನಮೂದಿಸಲಾಗಿದೆ. ೧೯೯೪ರಲ್ಲಿ ಅದನ್ನು ನೆಟ್ಟಗೆ ಮಾಡಲು ಆದೇಶಿಸಲಾಗಿ, ಬಲಗಡೆಯ ಕೊಂಬನ್ನು ನೆಟ್ಟಗೆ ಮಾಡಿದ ನಂತರ ಆದೇಶವನ್ನು ಹಿಂಪಡೆಯಲಾಯಿತು.

ಬೈರ ಅವರು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಇದೇ ಸೈಕಲ್ಲಿನಲ್ಲಿ ಸಿದ್ದಾಪುರದಿಂದ ಕಾನಸೂರಿಗೆ ಟಪಾಲು ಒಯ್ಯುತ್ತಾರೆ. ಹೆಡ್‌ಸೆಟ್ ಸವೆದು ಹೋಗಿದ್ದು, ಇಳುಕಲಿನಲ್ಲಿ ಹ್ಯಾಂಡಲು ಗಡಗಡ ನಡುಗುತ್ತದೆಂದೂ, ಎರಡು ಸಲ ಬಿದ್ದದ್ದಾಗಿಯೂ, ಸರಿಯಾದ ಗಾತ್ರದ್ದನ್ನು ಹಾಕಿಸುವ ತನಕ ತಾವು ಅದನ್ನು ಹತ್ತುವುದಿಲ್ಲವೆಂದೂ ತಿಳಿಸಿರುತ್ತಾರೆ. ಹತ್ತದಿದ್ದರೆ ಕರ್ತವ್ಯಲೋಪಕ್ಕಾಗಿ ಅವರನ್ನು ಅಮಾನತುಗೊಳಿಸತಕ್ಕದ್ದು. ಆದರೆ ಗಾತ್ರವೇ ತಪ್ಪೆಂದು ಸಾಬೀತಾದರೆ ಈ ಕಚೇರಿಯ ಮರ್ಯಾದೆ ಹೋಗತಕ್ಕದ್ದು. ಇವೆರಡರಲ್ಲಿ ಮೊದಲನೆಯದು ನಿಯಮಾನುಸಾರ ಸುಲಭವೆಂದು ಕಂಡುಬಂದಿತ್ತು. ಆದ್ದರಿಂದ ಎಲ್ಲ ಸಿಬ್ಬಂದಿಯ ಗಮನಕ್ಕೆ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ಹೆಡ್‌ಸೆಟ್ ಎಂದರೆ ಹ್ಯಾಂಡಲಿನ ಕೆಳಗೆ, ಸೈಕಲ್ಲಿನ ಮುಂಗೊಳವೆಯ ಮೇಲ್ತುದಿ ಮತ್ತು ಕೆಳತುದಿಯಲ್ಲಿ ಕೂರುವ ಬಟ್ಟಲು, ಉಕ್ಕಿನ ಗುಂಡು, ಬಳೆ ಮತ್ತು ತಿರುಪುಗಳ ಜೋಡಣೆ. ಹ್ಯಾಂಡಲು ತಿರುಗುವುದು ಇದರಿಂದ. ಇದು ಸರಿ ಇದ್ದಾಗ ಯಾರಿಗೂ ಕಾಣುವುದಿಲ್ಲವಾದ್ದರಿಂದ, ಕಳೆದ ಇಪ್ಪತ್ತಾರು ವರ್ಷಗಳ ವಾರ್ಷಿಕ ತಪಾಸಣೆಗಳಲ್ಲಿ ಇದನ್ನು "ಇಲ್ಲ" ಎಂದು ಬರೆಯಲಾಗಿದೆ.

೨. ಇದರಲ್ಲಿ ಮುಖ್ಯವಾದ ಅಳತೆ, ಕೆಳಗಿನ ಬಳೆ ಕೂರುವ ಜಾಗದಲ್ಲಿ ಮುಂಚಕ್ರವನ್ನು ಹಿಡಿಯುವ ಕವೆ, ಅಂದರೆ ಫೋರ್ಕಿನ ದಪ್ಪ ಎಷ್ಟೆಂಬುದು. ಬೈರ ಅವರು ಶಿರಸಿಯ ಸೈಕಲ್ ಅಂಗಡಿಯ ದಿನಕರ ಅವರಿಂದ ವರ್ನಿಯರ್ ಕ್ಯಾಲಿಪರ್ ತಂದು ಅಳೆದು, ೨೬.೪ ಮಿಲಿಮೀಟರ್ ಎಂದು ಬರೆದುಕೊಟ್ಟಿರುತ್ತಾರೆ. ಆದರೆ ಅಳತೆ ನಮೂದಿಸುವ ನಮೂನೆ ೧೧ರಲ್ಲಿ ಎರಡು ಅಂಕಿಗಳಿಗೆ ಮಾತ್ರ ಚೌಕಗಳಿದ್ದು, ಬಿಂದುವಿಗೂ ಅದರ ನಂತರದವಕ್ಕೂ ಚೌಕವಿರುವುದಿಲ್ಲ. ಸದರಿಯವರು ಬಿಂದು ನಾಲ್ಕನ್ನು ಚೌಕದ ಹೊರಗೆ ಬರೆದಿದ್ದಾರೆ. ಚೌಕದ ಹೊರಗೆ ಬರೆದದ್ದನ್ನು ಬರೆದಂತೆ ಪರಿಗಣಿಸಲಾಗುವುದಿಲ್ಲ. ಸಿದ್ದಾಪುರ ಘಟಕವು ಗಾತ್ರವನ್ನು ೨೬ ಎಂದು ದೃಢೀಕರಿಸಿತು.

೩. ಜವಾನರು ಅಳೆದದ್ದನ್ನು ಮೇಲಧಿಕಾರಿಗಳು ಮರು ಅಳತೆ ಮಾಡತಕ್ಕದ್ದು. ಶಿರಸಿ ಕಚೇರಿಯಲ್ಲಿ ಕ್ಯಾಲಿಪರ್ ಇಲ್ಲದ್ದರಿಂದ ಕಡತ ಕಟ್ಟುವ ದಾರವನ್ನು ಫೋರ್ಕಿಗೆ ಒಂದು ಸುತ್ತು ಸುತ್ತಿ, ದಾರವನ್ನು ಅಳೆಯಲಾಯಿತು. ೮೩ ಬಂದಿತು. ಸುತ್ತಳತೆ ಬೇರೆ, ಅಡ್ಡಳತೆ ಬೇರೆ ಎಂದು ಪ್ರಥಮ ದರ್ಜೆ ಸಹಾಯಕಿ ತನುಜಾ ಅವರು ಟಿಪ್ಪಣಿ ಹಾಳೆಯಲ್ಲಿ ಬರೆದಿದ್ದು, ಕೇಳದೆ ಅಭಿಪ್ರಾಯ ನೀಡಿದ್ದಕ್ಕಾಗಿ ಅವರಿಂದ ವಿವರಣೆ ಕೇಳಲಾಗಿದೆ.

೪. ಸಿದ್ದಾಪುರದ ೨೬ ಮತ್ತು ಶಿರಸಿಯ ೮೩, ಇವೆರಡೂ ಅಧಿಕೃತ ಅಳತೆಗಳಾಗಿದ್ದು, ಯಾವ ಘಟಕದ ಮನಸ್ಸನ್ನೂ ನೋಯಿಸುವ ಉದ್ದೇಶ ಇಲಾಖೆಗೆ ಇರುವುದಿಲ್ಲ. ಆದ್ದರಿಂದ ಯಲ್ಲಾಪುರದ ಉಗ್ರಾಣವು ಎರಡರ ಸರಾಸರಿ ೫೪.೫ ತೆಗೆದು, ನಮೂನೆ ೧೧ರ ಚೌಕಗಳಿಗೆ ಹೊಂದುವಂತೆ ೫೫ ಎಂದು ನಿಗದಿಪಡಿಸಿ, ಎತ್ತಿನ ಗಾಡಿಯ ಸಾಮಾನಿನಲ್ಲಿ ಸಿಕ್ಕ ಆ ಗಾತ್ರದ ಬಳೆಯೊಂದನ್ನು ಕಳುಹಿಸಿತು. ಅದು ಫೋರ್ಕಿಗೆ ಯಾವ ಅಡ್ಡಿಯೂ ಇಲ್ಲದೆ ಸೇರಿತು, ಅಷ್ಟೇ ಸಲೀಸಾಗಿ ಕೆಳಗೂ ಬಿದ್ದಿತು. ಸದ್ಯ ಅದನ್ನು ಕಡತಗಳು ಹಾರದಂತೆ ಮೇಲಿಡಲು ಬಳಸಲಾಗುತ್ತಿದ್ದು, ಕೆಲಸ ತೃಪ್ತಿಕರವಾಗಿದೆ.

೫. ತದನಂತರ ಪೇಟೆಯಲ್ಲಿ ೨೬ರ ಬಳೆ ವಿಚಾರಿಸಲಾಗಿ, ಅಂಥದ್ದು ಇಲ್ಲವೆಂದೂ ೨೭ರದ್ದು ಇದೆಯೆಂದೂ ಉತ್ತರ ಬಂದಿತು. ಕೇಳಿದ್ದಕ್ಕಿಂತ ಒಂದು ಹೆಚ್ಚೇ ಸಿಗುತ್ತಿರುವುದು ಇಲಾಖೆಯ ಹಿತದೃಷ್ಟಿಯಿಂದ ಸೂಕ್ತವೆಂದು ಭಾವಿಸಿ ಖರೀದಿಸಲಾಯಿತು. ಕೆಳಸಹಿದಾರರು ಬಳೆಯನ್ನು ಬೆರಳಿನಿಂದಲೇ, ಸುತ್ತಿಗೆಯ ನೆರವಿಲ್ಲದೆ, ಸ್ವಸ್ಥಾನದಲ್ಲಿ ಕೂರಿಸಿದರು. ಇಷ್ಟು ಹಗುರವಾಗಿ ಕೂತದ್ದೇ ಗಾತ್ರ ಸರಿಯಿರುವುದಕ್ಕೆ ಪುರಾವೆಯೆಂದು ಪ್ರಮಾಣಪತ್ರ ನೀಡಲಾಯಿತು.

೬. ಈ ಬಗ್ಗೆ ದಿನಕರ ಅವರ ಹೇಳಿಕೆ ಪಡೆಯಲಾಗಿದೆ. ಹೇಳಿಕೆ ಪಡೆದ ಅಧೀಕ್ಷಕ ಶಶಾಂಕ ಅವರು ತಮ್ಮ ಪೈಕಿಯವರೇ ಎಂಬ ಸಲುಗೆಯಿಂದ ಸದರಿಯವರು ಮನೆಮಾತಿನಲ್ಲೇ ಉತ್ತರಿಸಿದ್ದು, ಯಥಾವತ್ತು ಹೀಗಿದೆ: "ಬಳೆ ಕೈಯಲ್ಲೇ ಕೂತ್ರೆ ಅದು ಕೂತಂಗಲ್ಲ. ಕೊಳವೆ ಇಟ್ಟು ಬಡ್ದು ಕೂರ್ಸವು. ಆನು ಅವತ್ತೇ ಹೇಳಿದ್ದಿ, ಯಾರೂ ಕೇಳಿದ್ವಿಲ್ಲೆ." ಇದನ್ನು ಆಡಳಿತ ಭಾಷೆಗೆ ತರಲಾಗಿ, "ಸದರಿಯವರಿಗೆ ಯಾವುದೇ ಆಕ್ಷೇಪಣೆ ಇರುವುದಿಲ್ಲ" ಎಂದಾಗಿದೆ.

೭. ಗುಂಡುಗಳ ವಿಷಯ. ಹಳೆಯವನ್ನು ಎಣಿಸುವಾಗ ನಾಲ್ಕು ಉರುಳಿ ಕಪಾಟಿನಡಿ ಹೋದವು. ಆ ವೇಳೆಗೆ ಕಾರ್ಯನಿಮಿತ್ತ ಬಂದಿದ್ದ ಉಮ್ಮಚಗಿಯ ಕ್ಷೇತ್ರ ಸಹಾಯಕರು ಅದೇ ಗಾತ್ರದ ಕಾಳುಮೆಣಸನ್ನು ಜೇಬಿನಿಂದ ತೆಗೆದು, ಗ್ರೀಸು ಸವರಿ ಕೂರಿಸಿರುತ್ತಾರೆ. ಅವರ ಸಮಯಸ್ಫೂರ್ತಿ ಮೆಚ್ಚತಕ್ಕದ್ದಾದರೂ, ಒಂದು ಫರ್ಲಾಂಗಿನೊಳಗೆ ಸೈಕಲ್ಲು ಸಾರಿನ ವಾಸನೆ ಬೀರಿದ್ದು ವರದಿಯಾಗಿದೆ. ಇನ್ನು ಮುಂದೆ ಉಕ್ಕಿನ ಗುಂಡಿನ ಬದಲು ಯಾವುದೇ ತೋಟಗಾರಿಕಾ ಉತ್ಪನ್ನವನ್ನು ಬಳಸತಕ್ಕದ್ದಲ್ಲ. ಮಾದರಿ ಅಡಿಕೆಯನ್ನೂ ಬಳಸತಕ್ಕದ್ದಲ್ಲ.

೮. ಹೆಡ್‌ಸೆಟ್‌ನ ಒಟ್ಟು ಎತ್ತರವನ್ನೂ, ಒಂದು ಅಂಗುಲದಲ್ಲಿ ಎಷ್ಟು ತಿರುಪುಗೆರೆಗಳಿವೆ ಎಂಬುದನ್ನೂ ತಿಳಿಸಲು ಕೋರಲಾಗಿತ್ತು. ಎತ್ತರದ ಕಾಲಮಿನಲ್ಲಿ ಬೈರ ಅವರ ಎತ್ತರ ಐದು ಅಡಿ ಮೂರು ಅಂಗುಲ ಎಂದು ಬರೆಯಲಾಗಿದೆ. ತಿರುಪುಗೆರೆಗಳನ್ನು ಎಣಿಸಲು ಮೂವರು ಸದಸ್ಯರ ಸಮಿತಿ ರಚಿಸಲಾಗಿದ್ದು, ಹದಿನೇಳರ ತನಕ ಒಮ್ಮತವಿದೆ.

೯. ಸೈಕಲ್ಲಿನಿಂದ ಬೀಳಲಿಚ್ಛಿಸುವ ನೌಕರರು ಮೂರು ದಿನ ಮುಂಚಿತವಾಗಿ, ದ್ವಿಪ್ರತಿಯಲ್ಲಿ, ಬೀಳುವ ಸ್ಥಳ ಮತ್ತು ಬದಿಯನ್ನು ತಿಳಿಸಿ ಅನುಮತಿ ಪಡೆಯತಕ್ಕದ್ದು. ಟಪಾಲು ಚೀಲವು ನೌಕರರ ಮೇಲೆ ಬೀಳತಕ್ಕದ್ದೇ ಹೊರತು ನೌಕರರು ಟಪಾಲು ಚೀಲದ ಮೇಲೆ ಬೀಳತಕ್ಕದ್ದಲ್ಲ. ಗಟಾರದಲ್ಲಿ ಕಳೆದ ಅವಧಿಯನ್ನು ಗಳಿಕೆ ರಜೆಗೆ ವಜಾ ಹಾಕಲಾಗುವುದು.

೧೦. ಹೆಡ್‌ಸೆಟ್ ಸರಿಯಾಗುವ ತನಕ ಬಸ್ಸಿನಲ್ಲಿ ಟಪಾಲು ಒಯ್ಯಲು ಬೈರ ಅವರು ಕೋರಿದ್ದರು. ಇಲಾಖೆಯ ಸ್ವಂತ ವಾಹನ ಇರುವಾಗ ಬಸ್ಸಿಗೆ ಅವಕಾಶವಿಲ್ಲವೆಂದು ತಿಳಿಸಲಾಯಿತು. ದಿ: ೦೩-೦೯-೧೯೯೮ರಂದು ಬಾಗಿಲಲ್ಲಿ ನಿಂತು ಅವರು ಹೇಳಿದ್ದು: "ಇಳುಕಲಲ್ಲಿ ಹ್ಯಾಂಡಲ್ ನಡುಗ್ತದೆ ಸಾಹೇಬ್ರೆ, ಅದ್ರ ಸಂಗಡ ನಾನೂ ನಡುಗ್ತೆ. ಇಪ್ಪತ್ತಾರು ಪಾಯಿಂಟ್ ನಾಲ್ಕು ಅಂತ ಅಳ್ದೇ ಬರ್ದದ್ದು. ಬೇಕಾರೆ ನೀವೇ ಒಂದ್ಸಲ ಹೋಗಿ ಬನ್ನಿ." ಇದರಲ್ಲಿ ಕೊನೆಯ ವಾಕ್ಯವನ್ನು ಅವಿಧೇಯತೆಯೆಂದು ಪರಿಗಣಿಸಿ, ಡಿಸೆಂಬರ್ ೧೧ರೊಳಗೆ ಸೈಕಲ್ಲು ಹತ್ತದಿದ್ದಲ್ಲಿ ಅಮಾನತುಗೊಳಿಸುವುದಾಗಿ ಅಂತಿಮ ನೋಟೀಸು ಜಾರಿ ಮಾಡಲಾಯಿತು.

೧೧. ಸೈಕಲ್ಲು ಸುಸ್ಥಿತಿಯಲ್ಲಿದೆಯೆಂದು ಎಲ್ಲರ ಸಮಕ್ಷಮ ತೋರಿಸಿಕೊಟ್ಟು ಸದರಿ ಅಮಾನತನ್ನು ಗಟ್ಟಿಗೊಳಿಸುವ ಉದ್ದೇಶದಿಂದ, ಕೆಳಸಹಿದಾರರು ದಿ: ೧೧-೧೨-೧೯೯೮ರ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಸ್ವತಃ ಟಪಾಲು ಚೀಲ ಹೊತ್ತು ಕಾನಸೂರಿನ ಕಡೆ ಹೊರಟರು. ಬೈರ ಅವರನ್ನು ಸಾಕ್ಷಿಯಾಗಿ ಹಿಂದಿನಿಂದ ನಡೆದು ಬರಲು ಆದೇಶಿಸಲಾಗಿತ್ತು. ಸಪಾಟು ರಸ್ತೆಯಲ್ಲಿ ಯಾವುದೇ ದೋಷ ಕಂಡುಬರಲಿಲ್ಲ. ಇಳುಕಲು ಆರಂಭವಾದ ಮೇಲೆ ಬಳೆ ತನ್ನ ಜಾಗದಲ್ಲಿ ಕುಣಿಯತೊಡಗಿತು. ಹ್ಯಾಂಡಲು ನಡುಗಿತು. ಇಳುಕಲಿನ ಮಧ್ಯಭಾಗದಲ್ಲಿ ಈ ಕಚೇರಿಗೆ ಭಯವಾಯಿತು. "ಹಿಡೀರಿ, ಯಾರರೆ ಹಿಡೀರಿ" ಎಂದು ಎರಡು ಸಲ ಮೌಖಿಕವಾಗಿ ಸೂಚಿಸಲಾಯಿತಾದರೂ, ಸೂಚನೆ ಲಿಖಿತವಾಗಿಲ್ಲದ್ದರಿಂದ ಯಾರೂ ಕ್ರಮ ಕೈಗೊಳ್ಳಲಿಲ್ಲ. ನಂತರ ಬಲಬದಿಗೆ, ಪೂರ್ವಾನುಮತಿ ಇಲ್ಲದೆ, ಬೀಳಲಾಯಿತು.

೧೨. ಬೈರ ಅವರು ಓಡಿ ಬಂದು, ತಮ್ಮ ಹೆಗಲ ಪಂಚೆಯಿಂದ ಕೈಯನ್ನು ಕಟ್ಟಿ, ದಾರಿಯಲ್ಲಿ ಬಂದ ಟೆಂಪೋ ನಿಲ್ಲಿಸಿ, ಸಿದ್ದಾಪುರದ ಆಸ್ಪತ್ರೆಯ ತನಕ ಕೆಳಸಹಿದಾರರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇಡೀ ದಾರಿಯಲ್ಲಿ ಅವರು ಹೆಡ್‌ಸೆಟ್ ಬಗ್ಗೆ ಒಂದು ಮಾತನ್ನೂ ಎತ್ತಲಿಲ್ಲ. ಇದು ಈ ಕಚೇರಿಗೆ ಮುರಿದ ಕೈಗಿಂತ ಹೆಚ್ಚು ನೋವುಂಟು ಮಾಡಿರುತ್ತದೆ. ನಾಚಿಕೆಯನ್ನು ದಾಖಲಿಸಲು ಯಾವ ನಮೂನೆಯಲ್ಲೂ ಕಾಲಮು ಇಲ್ಲದ್ದರಿಂದ ಇಲ್ಲೇ ದಾಖಲಿಸಲಾಗಿದೆ.

೧೩. ಮೇಲ್ಕಂಡ ಕಾರಣಗಳಿಂದ, ಗಾತ್ರವು ೨೬.೪ ಆಗಿದ್ದು, ಮೊದಲಿನಿಂದಲೂ ಹಾಗೆಯೇ ಇದ್ದಿತೆಂದು ಒಪ್ಪಲಾಗಿದೆ. ನಮೂನೆ ೧೧ಕ್ಕೆ ಬಿಂದುವಿನ ಚೌಕ ಸೇರಿಸತಕ್ಕದ್ದು. ಬೈರ ಅವರ ಮೇಲಿನ ಎಲ್ಲ ನೋಟೀಸುಗಳನ್ನು ರದ್ದುಪಡಿಸಲಾಗಿದೆ. ತನುಜಾ ಅವರು ವಿವರಣೆ ನೀಡಬೇಕಾಗಿಲ್ಲ. ದಿನಕರ ಅವರು ಆ ಗಾತ್ರದ ಬಳೆಯನ್ನು ತರಿಸಿ, ತಮಗೆ ತೋಚಿದಂತೆ ಬಡಿದು ಕೂರಿಸತಕ್ಕದ್ದು, ಬಡಿಯುವಾಗ ಇಲಾಖೆಯ ಯಾರೂ ಹತ್ತಿರ ಸುಳಿಯತಕ್ಕದ್ದಲ್ಲ.

(ಎಡಗೈ ಹೆಬ್ಬೆಟ್ಟಿನ ಗುರುತು)
ವೀರಪ್ಪ ಚ. ಹೊಸಮನಿ
ಸಹಾಯಕ ನಿರ್ದೇಶಕರು
(ಬಲಗೈ ಸದ್ಯ ಆರು ವಾರಗಳ ಕಾಲ ಕರ್ತವ್ಯಕ್ಕೆ ಲಭ್ಯವಿರುವುದಿಲ್ಲ. ಹೇಳಿ ಬರೆಸಿದ್ದು. ಬರೆದವರು: ತನುಜಾ, ಪ್ರ.ದ.ಸ.)

ಪ್ರತಿಗಳು:
೧) ಘಟಕಾಧಿಕಾರಿಗಳು, ಶಿರಸಿ, ಸಿದ್ದಾಪುರ, ಯಲ್ಲಾಪುರ: ಮಾಹಿತಿಗಾಗಿ ಮತ್ತು ದಾರ ಸುತ್ತದಿರುವುದಕ್ಕಾಗಿ.
೨) ಕ್ಷೇತ್ರ ಸಹಾಯಕರು, ಉಮ್ಮಚಗಿ: ಉಳಿದ ಮೆಣಸನ್ನು ಮನೆಗೆ ಒಯ್ಯಲು ಸೂಚಿಸಿ.
೩) ತಿರುಪುಗೆರೆ ಎಣಿಕೆ ಸಮಿತಿ: ಹದಿನೆಂಟರಿಂದ ಮುಂದುವರಿಸಲು.
೪) ವೈದ್ಯಾಧಿಕಾರಿಗಳು, ಸಿದ್ದಾಪುರ: ಪ್ಲಾಸ್ಟರಿನ ಮೇಲೆ ಸಿಬ್ಬಂದಿ ಏನೂ ಬರೆಯದಂತೆ ನೋಡಿಕೊಳ್ಳುವ ಕೋರಿಕೆಯೊಂದಿಗೆ.
೫) ದಿನಕರ, ಸೈಕಲ್ ಅಂಗಡಿ, ಶಿರಸಿ: ಅವತ್ತೇ ಹೇಳಿದ್ದರೆಂಬ ದೃಢೀಕರಣದೊಂದಿಗೆ.
೬) ಬೈರ, ಜವಾನರು, ಸಿದ್ದಾಪುರ: ಮೇಲಿನ ಐದೂ ಪ್ರತಿಗಳನ್ನು ತಲುಪಿಸುವುದಕ್ಕಾಗಿ. ಬಸ್ಸಿನಲ್ಲಿ ಹೋಗತಕ್ಕದ್ದು, ಕಿಟಕಿ ಪಕ್ಕ ಕೂರತಕ್ಕದ್ದು.