ಮೂಡಲಗಿ ಬೀಗರು ಕಂಡ ಮಂಟಾ

ನಮ್ಮ ಮಂದಿಯನ್ನು ಕಟ್ಟಿಕೊಂಡು ಎಲ್ಲಿಗೇ ಹೋಗಲಿ, ನಾನು ನೋಡಬೇಕೆಂದುಕೊಂಡದ್ದು ಒಂದನ್ನು ಬಿಟ್ಟು ಬಾಕಿ ಎಲ್ಲ ಆಗುತ್ತದೆ. ಹೊಳೆ ತುಂಬಿ ಬಂದಾಗ ಗೋಕಾಕ ಫಾಲ್ಸಿಗೆ ಹೋದರೂ ಅಷ್ಟೇ. ಅವರೆಲ್ಲ ನೀರು ನೋಡುತ್ತಾರೆ, ನಾನು ಅವರ ಚಪ್ಪಲಿ ನೋಡಿಕೊಳ್ಳುತ್ತೇನೆ.

ನಾನು ಗೋಕಾಕದ ಒಂದು ಸಾಲಿಯಲ್ಲಿ ವಿಜ್ಞಾನ ಕಲಿಸುವವಳು. ಡಾಲ್ಫಿನ್ ಮೀನಲ್ಲ, ಮರಿಗೆ ಹಾಲು ಕುಡಿಸುವ ಪ್ರಾಣಿ ಎಂದು ವರ್ಷಾವರ್ಷ ಹೇಳುತ್ತೇನೆ. "ನೀವು ನೋಡೀರೇನ್ರಿ ಟೀಚರ್?" ಎಂದು ಮಕ್ಕಳೂ ವರ್ಷಾವರ್ಷ ಕೇಳುತ್ತಾರೆ. ರಿಟೈರ್ ಆಗುವುದರೊಳಗೆ ಒಮ್ಮೆಯಾದರೂ "ಹೂಂ, ನೋಡೇನಿ" ಅನ್ನಬೇಕಿತ್ತು. ಅದಕ್ಕೇ ಕಾರವಾರದ ಕಡೆ ಒಂದು ದೋಣಿ ಗೊತ್ತು ಮಾಡಿದೆ. ಡಾಲ್ಫಿನ್ ತೋರಿಸುತ್ತೇನೆ, ನಸೀಬಿದ್ದರೆ ಮಂಟಾನೂ ಕಾಣಬಹುದು ಎಂದು ದೋಣಿಯವನು ಹೇಳಿದ್ದ. ಮಂಟಾ ಅಂದರೆ ಚಾದರದಷ್ಟು ಅಗಲದ, ಕರಿ ಬೆನ್ನಿನ ಮೀನು. ಎರಡೂ ಕಡೆ ರೆಕ್ಕೆ ಇದ್ದಂತೆ ಕಾಣುತ್ತದೆ.

ನಮ್ಮ ಯಜಮಾನರ ಬಾಯಲ್ಲಿ ಏನಾದರೂ ನಿಲ್ಲುತ್ತದೆಯೇ? ಹುಕ್ಕೇರಿಯ ನಮ್ಮ ಚಿಗವ್ವನಿಗೆ, ಅಂದರೆ ಚಿಕ್ಕಮ್ಮನಿಗೆ, ಹೇಳಿದರು. ಮಗಳನ್ನು ಕೊಟ್ಟ ಮೂಡಲಗಿ ಬೀಗರಿಗೂ ಹೇಳಿದರು. ಎಲ್ಲರೂ ಹೊರಟರು.

ಮುಂದಿನ ಜಾಗ

ದೋಣಿ ಗೊತ್ತು ಮಾಡಿದವಳು ನಾನು. ಆದರೆ ಬೀಗರು ಇರುವಾಗ ನಾವು ಮುಂದೆ ಕೂಡುವುದುಂಟೇ? "ಬರ್ರಿ ಬೀಗರ, ನೀವು ಮುಂದ ಕುಂದರ್ರಿ" ಎಂದು ಯಜಮಾನರು ಕೈಹಿಡಿದು ಕೂರಿಸಿದರು. ಬೀಗರ ಮೈಕಟ್ಟು ದೊಡ್ಡದು, ಬೀಗಿತಿಯದೂ ಕಡಿಮೆಯದಲ್ಲ. ಚಿಗವ್ವ ಹಿರಿಯಳೆಂದು ಅವರ ಬಾಜೂ ಕೂತಳು. ನನಗೂ ಯಜಮಾನರಿಗೂ ಉಳಿದದ್ದು ಹಿಂದಿನ ಹಲಗೆ. ಅದರ ಕೆಳಗೆ ಎಲ್ಲರ ಚೀಲ.

"ಟೀಚರ್, ಅಲ್ಲಿಂದ ಸಮುದ್ರ ಕಾಣಸ್ತೈತೇನ್ರಿ?" ಬೀಗರು ಕಾಳಜಿಯಿಂದ ಕೇಳಿದರು.

"ನೀವು ಉಸರ ಬಿಟ್ಟಾಗ ಸ್ವಲ್ಪ ಕಾಣಸ್ತೈತ್ರಿ" ಎಂದು ನಾಲಿಗೆ ತುದಿಗೆ ಬಂದಿತ್ತು. ಬೀಗರಿಗೆ ಎದುರಾಡುವ ಹಾಗಿಲ್ಲವಲ್ಲ! "ಛಲೋ ಕಾಣಸ್ತೈತ್ರಿ" ಅಂದೆ.

ವಾಸನೆ

ದೋಣಿ ಇನ್ನೂ ದಂಡೆ ಬಿಟ್ಟಿರಲಿಲ್ಲ, ಚಿಗವ್ವ ಮೂಗಿಗೆ ಸೆರಗು ಹಿಡಿದಳು. ನಮ್ಮ ಮನೆತನದಲ್ಲಿ ಮೊಟ್ಟೆಯ ಹೆಸರು ಹೇಳಿದರೂ ಬಾಯಿ ತೊಳೆದುಕೊಳ್ಳುವವಳು ಅವಳು. "ತಮ್ಮಾ, ಇದು ಮೀನಾ ನಾರಾಕತ್ತೈತಿ. ತೊಳದು ತಗೊಂಡ ಬಾ. ಅಲ್ಲೀತನಾ ನಾ ಹತ್ತಂಗಿಲ್ಲ" ಎಂದು ಎದ್ದು ಇಳಿದೇಬಿಟ್ಟಳು.

ಮೀನು ನೋಡಲು ಬಂದು ಮೀನಿನ ವಾಸನೆ ಬೇಡವೆಂದರೆ ಏನು ಹೇಳಬೇಕು? ಪಾಪ, ದೋಣಿಯವನು ಬಕೆಟ್ಟಿನಿಂದ ನೀರು ಸುರಿದು ತಿಕ್ಕಿದ. ಬೇರೆ ದೋಣಿಗಳೆಲ್ಲ ಮುಂದೆ ಹೋದವು. ಚಿಗವ್ವ ಮತ್ತೆ ಹತ್ತಿ, ಮೂಸಿ, "ಇನ್ನೂ ನಾರತೈತಿ" ಅಂದಳು.

ಅವನು ಬಕೆಟ್ ಕೆಳಗಿಟ್ಟು ಕೇಳಿದ: "ಅಮ್ಮಾ, ದೋಣಿ ತೊಳ್ದೆ. ಸಮುದ್ರವನ್ನೂ ತೊಳೀಬೇಕಾ?"

ಬುತ್ತಿ

ದೂರ ಹೋದ ಮೇಲೆ ಅವನು ಎಂಜಿನ್ ನಿಲ್ಲಿಸಿದ. "ಇಲ್ಲೇ ಬರ್ತಾವೆ. ಯಾರೂ ಸದ್ದು ಮಾಡಬೇಡಿ" ಅಂದ. ಎಂಥ ಶಾಂತಿ! ನಾನು ಉಸಿರು ಬಿಗಿಹಿಡಿದೆ.

ನೀರಿನ ಬಾಜೂ ಗಾಡಿ ನಿಂತಿತೆಂದರೆ ಬುತ್ತಿ ಬಿಚ್ಚಬೇಕು. ಇದು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಧುಪದಾಳದ ಒಡ್ಡಿನ ಮೇಲೆ ಕೂತವರಂತೆ ಬೀಗಿತಿ ಗಂಟು ಬಿಚ್ಚಿದರು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಹೊರಬಂದವು. ರೊಟ್ಟಿ ಒಣಗಿ ಹಪ್ಪಳವಾಗಿತ್ತು. ಎಲ್ಲರೂ ಒಟ್ಟಿಗೆ ಮುರಿದರು.

ದೋಣಿಯವನು ಗಾಬರಿಯಾಗಿ ಎದ್ದು ನಿಂತ. "ಏನದು? ದೋಣಿ ಒಡೀತಾ?"

ಮೂಡಲಗಿಗೆ ಹೋದ ಫೋನು

ರೊಟ್ಟಿ ಬಾಯಲ್ಲಿರುವಾಗಲೇ ಬೀಗರು ಕೂಗಿದರು. "ಮಂಟಾ! ಮಂಟಾ! ಅಲ್ಲಿ ಕರ್ರಗ ಐತಿ ನೋಡ್ರಿ!"

ನೋಡಿದೆ. ನಮ್ಮ ದೋಣಿಯದೇ ನೆರಳು. ಬಾಯಿ ತೆರೆದೆ, ಯಜಮಾನರು ಕಾಲು ತುಳಿದರು. ಅಷ್ಟರಲ್ಲಿ ಬೀಗರು ಮೂಡಲಗಿಗೆ ಫೋನ್ ಹಚ್ಚಿ ತಮ್ಮ ಅಕ್ಕನಿಗೆ, "ಯಕ್ಕಾ, ಮಂಟಾ ನೋಡಿದ್ವಿ. ಫೋಟೋ ತರ್ತೇನಿ" ಎಂದು ಮಾತು ಕೊಟ್ಟಾಗಿತ್ತು. ವಿಜ್ಞಾನ ಕಲಿಸುವವಳ ಎದುರಿಗೇ ಇಂಥ ಸುಳ್ಳು! ನಾನು ಸಿಟ್ಟಿನಿಂದ ರೊಟ್ಟಿ ಮುರಿದೆ.

ದೋಣಿಯವನು ತಿರುಗಿ ನೋಡಿದ. "ಅಮ್ಮಾ, ನೀವೂನಾ?"

ಬಾಣಂತಿ

ಆಮೇಲೆ ಬಂತು. "ಡಾಲ್ಫಿನ್! ತಾಯಿ, ಮರಿ ಎರಡೂ ಇವೆ!" ಎಂದು ದೋಣಿಯವನು ಪಿಸುಗುಟ್ಟಿದ. ಬೀಗರು ಫೋನ್ ಎತ್ತಿದರು. ನಾನು ಅವರ ಬೆನ್ನಿನಾಚೆ ಕತ್ತು ಚಾಚಬೇಕು, ಅಷ್ಟರಲ್ಲಿ ಚಿಗವ್ವ ಚೀರಿದಳು.

"ಮರಿ ಸಣ್ಣದೈತಿ, ಹಸಿ ಬಾಣಂತಿ ಅದು! ಬಾಣಂತಿನ್ನ ಬರಿಗೈಲೆ ಕಳಸ್ತಾರೇನ? ಕರದಂಟು ತಗಿಯವ್ವಾ! ಅಂಟು, ಕೊಬ್ಬರಿ, ಎಲ್ಲಾ ಐತಿ ಅದರಾಗ. ನಡಾ ಗಟ್ಟಿ ಆಗ್ತೈತಿ!"

"ಡಾಲ್ಫಿನ್ನಿಗೆ ನಡಾ ಎಲ್ಲೈತಿ ಚಿಗವ್ವಾ?"

"ತಗೀ ಅಂದ್ರ ತಗೀ!"

ಹಿರಿಯರ ಮಾತು. ಹಲಗೆಯ ಕೆಳಗಿನ ಚೀಲಗಳಲ್ಲಿ ತಲೆ ತೂರಿಸಿ ಹುಡುಕಿದೆ. ಮೇಲೆ "ಅಬ್ಬಬ್ಬಾ!", "ಹಿಂದ ಬಂದ್ವು, ಜಿಗದ್ವು ನೋಡ್ರಿ!" ಎಂಬ ಸಂಭ್ರಮ. ಡಬ್ಬಿ ಸಿಕ್ಕಿ ತಲೆ ಎತ್ತಿದಾಗ ನೀರು ಸಪಾಟಾಗಿತ್ತು. "ಏನೂ ಎಸೀಬಾರದು ಅಮ್ಮಾ, ಅವು ಹೋದ್ವು" ಎಂದ ದೋಣಿಯವನು, ಬಾಣಂತಿಯ ಪಾಲಿನ ಕರದಂಟನ್ನು ತಾನೇ ತಿಂದ.

ನನಗೆ ಅಳು ಬಂತು. ಖರೆ ಹೇಳುತ್ತೇನೆ, ಅತ್ತೇಬಿಟ್ಟೆ. ಚಿಗವ್ವ ತಲೆ ಸವರಿ ಸಮಾಧಾನ ಮಾಡಿದಳು. "ಅಳಬ್ಯಾಡವ್ವಾ, ತಾಯಿ ಮಗು ಇಬ್ಬರೂ ಆರಾಮ ಅದಾರ."

ಗೋಡೆಯ ಮೇಲೆ

ಮುಂದೆ ಮಗಳನ್ನು ನೋಡಲು ಮೂಡಲಗಿಗೆ ಹೋದೆವು. ಪಡಸಾಲೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ದೊಡ್ಡ ಫೋಟೋ. ಬೀಗರು ಗಡಿಬಿಡಿಯಲ್ಲಿ ಹಿಂದೆ ತಿರುಗಿ, ಫೋನನ್ನು ಎಬಡಾತಬಡಾ ಅಡ್ಡಾದಿಡ್ಡಿ ಹಿಡಿದು ತೆಗೆದದ್ದು. ಮೂಲೆಯಲ್ಲಿ ಡಾಲ್ಫಿನ್ನಿನ ಬಾಲ ಬೆರಳಿನಷ್ಟು. ನಡುವೆ ಫೋಟೋ ತುಂಬ ಚೀಲದಲ್ಲಿ ತಲೆ ತೂರಿಸಿ ಬಗ್ಗಿದ ನಾನು. ತಲೆ ಇಲ್ಲ, ಮುಖ ಇಲ್ಲ. ಕೊಳೆ ಕಾಣಬಾರದೆಂದು ಉಟ್ಟಿದ್ದ ಕರಿ ಸೀರೆಯ ಬೆನ್ನು, ಗಾಳಿಗೆ ಎರಡೂ ಕಡೆ ಉಬ್ಬಿದ ಸೆರಗು.

ನಮ್ಮನ್ನು ಮಾತಾಡಿಸಲು ಬಂದಿದ್ದ ಬೀಗರ ಅಕ್ಕ ಕನ್ನಡಕ ಏರಿಸಿಕೊಂಡು ಫೋಟೋದ ಹತ್ತಿರ ಹೋದರು. "ತಮ್ಮಾ, ನೀ ಫೋನಿನ್ಯಾಗ ಹೇಳಿದ ಮಂಟಾ ಇದs ಏನೋ?"

ಬೀಗರು ನನ್ನತ್ತ ನೋಡಿದರು, ಅಕ್ಕನತ್ತ ನೋಡಿದರು. "ಹೂಂ ಯಕ್ಕಾ, ಅದs."

ನಾನು ಬಾಯಿ ತೆರೆದೆ. ಯಜಮಾನರು ಕಾಲು ತುಳಿದರು. ಬೀಗರ ಮನೆ, ಅವರ ಹಿರಿಯಕ್ಕ, ನಮ್ಮ ಮಗಳು ಬಾಳುವ ಪಡಸಾಲೆ.

"ಎಷ್ಟ ದೊಡ್ಡ ಜೀವಾ ಹುಟ್ಟಿಸ್ಯಾನಪ್ಪಾ ದೇವರು!" ಎಂದು ಬೀಗರ ಅಕ್ಕ ಫೋಟೋಕ್ಕೆ ಕೈಮುಗಿದರು.

ಬಾಜೂ ನಿಂತಿದ್ದ ನಮ್ಮ ಯಜಮಾನರೂ ಕೈಮುಗಿದರು.